ತೂಕದ ರೇಖೆ ಯಾರ ಕೈಯಲ್ಲಿ?

ಎಂಟು ವರ್ಷದ ಹುಡುಗನೊಬ್ಬನ ತೂಕ 25 ಕಿಲೋಗ್ರಾಂ ಎಂದಿಟ್ಟುಕೊಳ್ಳಿ. ಅವನು ಸರಿಯಾಗಿ ಬೆಳೆಯುತ್ತಿದ್ದಾನೆಯೆ? ಈ ಒಂದೇ ಸಂಖ್ಯೆಯಿಂದ ನೀವು ಹೇಳಲಾರಿರಿ. ಆರು ತಿಂಗಳ ಹಿಂದೆಯೂ ತೂಕ ಅಷ್ಟೇ ಇತ್ತೆಂದು ತಿಳಿದಾಗ ಮಾತ್ರ ಅನುಮಾನ ಹುಟ್ಟುತ್ತದೆ. ಏಕೆಂದರೆ ಆ ವಯಸ್ಸಿನಲ್ಲಿ ತೂಕ ವರ್ಷಕ್ಕೆ ಎರಡು-ಮೂರು ಕಿಲೋಗ್ರಾಂ ಹೆಚ್ಚುವುದು ಸಹಜ.

ಇಂಗ್ಲೆಂಡಿನಲ್ಲಿ ಜಾರಿಯಲ್ಲಿರುವ 'ಹಂಚಿಕೆಯ ಆರೈಕೆ' ಎಂಬ ವ್ಯವಸ್ಥೆಯನ್ನು ಈ ಹುಡುಗನ ಮೂಲಕವೇ ಪರೀಕ್ಷಿಸೋಣ. ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ (ಎಡಿಎಚ್‌ಡಿ) ಇರುವ ಮಕ್ಕಳಿಗೆ ಅಲ್ಲಿ ತಜ್ಞವೈದ್ಯರು ಮೀಥೈಲ್‌ಫೆನಿಡೇಟ್ ಔಷಧವನ್ನು ಆರಂಭಿಸಿ, ಸರಿಹೊಂದುವ ಪ್ರಮಾಣವನ್ನು ಕಂಡುಕೊಳ್ಳುತ್ತಾರೆ. ಬಳಿಕ ಔಷಧಚೀಟಿ ಬರೆಯುವ ಹೊಣೆ ಊರಿನ ಕುಟುಂಬ ವೈದ್ಯರಿಗೆ ವರ್ಗವಾಗುತ್ತದೆ. ಒಂದು ಸಲಕ್ಕೆ 30 ದಿನಗಳಿಗಿಂತ ಹೆಚ್ಚು ಕಾಲಕ್ಕೆ ಈ ಔಷಧ ಬರೆಯಬಾರದೆಂಬ ಸಲಹೆ ಅಲ್ಲಿದೆ. ಪ್ರತಿ ತಿಂಗಳೂ ಚೀಟಿಗಾಗಿ ದೂರದ ಆಸ್ಪತ್ರೆಗೆ ಅಲೆಯುವುದು ತಪ್ಪಿದರೆ ತಂದೆ-ತಾಯಿಯರಿಗೆ ಅನುಕೂಲವೇ. ವ್ಯವಸ್ಥೆಯ ಉದ್ದೇಶವನ್ನು ಮೆಚ್ಚಲೇಬೇಕು.

ತೊಡಕು ಇರುವುದು ಮುಂದೆ. ಈ ಔಷಧ ಹಸಿವನ್ನು ಕುಗ್ಗಿಸಬಲ್ಲದು. ನಾಡಿಬಡಿತ ಮತ್ತು ರಕ್ತದೊತ್ತಡವನ್ನು ಏರಿಸಬಲ್ಲದು. ಆದ್ದರಿಂದ ಹತ್ತು ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳ ತೂಕವನ್ನು ಮೂರು ತಿಂಗಳಿಗೊಮ್ಮೆ, ಎತ್ತರವನ್ನು ಆರು ತಿಂಗಳಿಗೊಮ್ಮೆ ಅಳೆಯಬೇಕೆಂದು 'ನೈಸ್' ಸಂಸ್ಥೆಯ 2018ರ ಮಾರ್ಗಸೂಚಿ ಹೇಳುತ್ತದೆ. ಅಳತೆಗಳನ್ನು ಬೆಳವಣಿಗೆಯ ನಕ್ಷೆಯಲ್ಲಿ ಗುರುತಿಸಬೇಕು, ಚಿಕಿತ್ಸೆಯ ಹೊಣೆ ಹೊತ್ತವರು ಅದನ್ನು ಪರಿಶೀಲಿಸಬೇಕು ಎಂದೂ ಸೂಚಿಸುತ್ತದೆ.

ಆದರೆ ಹೊಣೆಯನ್ನೇ ಹಂಚಿರುವಾಗ 'ಹೊಣೆ ಹೊತ್ತವರು' ಯಾರು? ಚೀಟಿಗೆ ಸಹಿ ಹಾಕಿದವರೇ ಅದಕ್ಕೆ ಜವಾಬ್ದಾರರು ಎಂಬುದು ಅಲ್ಲಿನ ವೈದ್ಯಕೀಯ ಪರಿಷತ್ತಿನ ನಿಲುವು. ಕುಟುಂಬ ವೈದ್ಯರು ಈ ಹೊರೆಯನ್ನು ನಿರಾಕರಿಸಲೂಬಹುದು. ಆಗ ಹೊಣೆ ತಜ್ಞರಲ್ಲೇ ಉಳಿಯುತ್ತದೆ. ಒಪ್ಪಿಕೊಂಡರೂ, ಹಳೆಯ ಅಳತೆಗಳು ಆಸ್ಪತ್ರೆಯ ಕಡತದಲ್ಲಿ, ಹೊಸವು ಕುಟುಂಬ ವೈದ್ಯರ ಬಳಿ ಇದ್ದರೆ ಏನಾದೀತು? ಇಬ್ಬರಿಗೂ ಬಿಂದುಗಳು ಕಾಣುತ್ತವೆ. ರೇಖೆ ಯಾರಿಗೂ ಕಾಣುವುದಿಲ್ಲ. ನಮ್ಮ ಹುಡುಗನ 25 ಕಿಲೋಗ್ರಾಂ ಎರಡೂ ಕಡೆ 'ಸರಿಯಾಗಿದೆ' ಎನಿಸಿಕೊಳ್ಳುತ್ತದೆ.

ಕೆಲಸವನ್ನು ಹಂಚಬಹುದು, ದತ್ತಾಂಶವನ್ನು ತುಂಡರಿಸಬಾರದು. ತಜ್ಞರ ಪತ್ರದಲ್ಲಿ ಔಷಧದ ಪ್ರಮಾಣದ ಜೊತೆಗೆ ಈವರೆಗಿನ ಎಲ್ಲ ಅಳತೆಗಳು, ಮುಂದಿನ ಪರಿಶೀಲನೆಯ ದಿನಾಂಕ ಮತ್ತು ನಕ್ಷೆ ನೋಡಬೇಕಾದವರ ಹೆಸರು ಇರಬೇಕು. ಇಷ್ಟಿಲ್ಲದ ಒಪ್ಪಂದ ಹಂಚಿಕೆಯಲ್ಲ, ಬರಿಯ ವರ್ಗಾವಣೆ.

ಶಿಕ್ಷಕರೆ, ತರಗತಿಯಲ್ಲೊಂದು ಪ್ರಯೋಗ ಮಾಡಿ. ಒಂದು ಮಗುವಿನ ಆರು ಅಳತೆಗಳನ್ನು ಎರಡು ಗುಂಪುಗಳಿಗೆ ಮೂರು ಮೂರಾಗಿ ಹಂಚಿ, ನಕ್ಷೆ ಬರೆಯಿಸಿ. ನಂತರ ಎರಡನ್ನೂ ಕೂಡಿಸಿ ನೋಡಿ. ಮೊದಲು ಕಾಣದಿದ್ದುದು ಆಗ ಕಂಡೀತು.