ಕಾಗದವಿಲ್ಲದ ಯುದ್ಧ

ಎರಡು ದೇಶಗಳು ಮುಖ ಗಂಟಿಕ್ಕಿಕೊಂಡ ಕೂಡಲೇ ಟಿವಿ ಚರ್ಚೆಯಲ್ಲಿ ಒಬ್ಬರಾದರೂ ‘ಕಾಸುಸ್ ಬೆಲ್ಲಿ’ ಅಂತಾರೆ, ಯುದ್ಧಕ್ಕೆ ನ್ಯಾಯವಾದ ಕಾರಣ ಅನ್ನೋ ಅರ್ಥದಲ್ಲಿ. ಲ್ಯಾಟಿನ್ನಿನಲ್ಲಿ ‘ಕಾಸುಸ್’ ಅಂದರೆ ಬೀಳುವುದು, ಬಂದೊದಗಿದ್ದು. ‘ಬೆಲ್ಲಿ’ ಅಂದರೆ ಯುದ್ಧದ. ನ್ಯಾಯದ ಮಾತೇ ಅದರಲ್ಲಿಲ್ಲ. ನಮ್ಮ ‘ನೆಪ’ ಹೆಚ್ಚು ಪ್ರಾಮಾಣಿಕ ಪದ.

ನೆಪದಲ್ಲೂ ರೋಮನ್ನರು ಶಿಸ್ತಿನವರು. ಪುರೋಹಿತ ಗಡಿಗೆ ಹೋಗಿ ದೂರು ಹೇಳಿ, ಗಡುವು ಮುಗಿದ ಮೇಲೆ ಶತ್ರುವಿನ ನೆಲಕ್ಕೆ ಈಟಿ ಎಸೆಯಬೇಕು. ಶತ್ರು ಸಮುದ್ರದಾಚೆ ಇದ್ದರೆ? ರೋಮಿನಲ್ಲೇ ಒಂದು ತುಂಡು ಜಾಗಕ್ಕೆ ‘ಶತ್ರುನೆಲ’ ಅಂತ ಹೆಸರಿಟ್ಟು ಅಲ್ಲಿಗೇ ಎಸೆದರಂತೆ!

ಟಿಪ್ಪುವಿನ ಮೇಲೆ ಲಾರ್ಡ್ ಮಾರ್ನಿಂಗ್ಟನ್ ಎಸೆದ ಈಟಿ ಒಂದು ಕಾಗದ. 1798ರ ಜನವರಿ 30ರಂದು ಮಾರಿಷಸ್‌ನ ಫ್ರೆಂಚ್ ಗವರ್ನರ್ ಮಲಾರ್ತಿಕ್, ಟಿಪ್ಪುವಿನ ಪರ ಹೋರಾಡುವವರು ಬನ್ನಿ ಎಂದು ಬಹಿರಂಗ ಪ್ರಕಟಣೆ ಹೊರಡಿಸಿದ. ಟಿಪ್ಪು ನೆರವು ಕೇಳಿದ್ದು ಸುಳ್ಳಲ್ಲ. ಆದರೆ ಮಂಗಳೂರಿಗೆ ಬಂದಿಳಿದವರು ನೂರು ಮಂದಿ ಇದ್ದರೆ ಹೆಚ್ಚು. ಅಷ್ಟು ಸಾಕಾಯಿತು. ಆಫೀಸಲ್ಲಿ ಒಬ್ಬರನ್ನು ಕಳಿಸೋದು ಅಂತ ತೀರ್ಮಾನವಾದ ಮೇಲೆ ಫೈಲ್ ದಪ್ಪ ಆಗುತ್ತಲ್ಲ, ಹಾಗೆ. 1799ರ ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು.

ಆಗ ಸೆರೆಯಿಂದ ಹೊರಬಿದ್ದವರಲ್ಲಿ ಚನ್ನಗಿರಿಯಲ್ಲಿ ಹುಟ್ಟಿದ ಧೋಂಡಿಯ ವಾಘ್ ಒಬ್ಬ. ಸೆರೆಗೆ ಹಾಕಿದ್ದವನು ಟಿಪ್ಪುವೇ! ಚದುರಿದ ಮೈಸೂರು ಸೈನಿಕರನ್ನು ಕೂಡಿಸಿ ಬಿದನೂರು ಸೀಮೆಯಲ್ಲಿ ಎದ್ದ, ಸೋತು ಮರಾಠರ ನೆಲಕ್ಕೆ ಸರಿದ, ಸಾವಿರಾರು ಸವಾರರೊಂದಿಗೆ ಮತ್ತೆ ಎದ್ದ. ‘ಎರಡು ಲೋಕಗಳ ದೊರೆ’ ಅಂತ ಬಿರುದನ್ನೂ ಇಟ್ಟುಕೊಂಡ. ಬೆನ್ನಟ್ಟಿದವನು ಮಾರ್ನಿಂಗ್ಟನ್‌ನ ತಮ್ಮ ಆರ್ಥರ್ ವೆಲ್ಲೆಸ್ಲಿ.

ವೆಲ್ಲೆಸ್ಲಿಯ ಪತ್ರಗಳಲ್ಲಿ ನನಗೆ ಚುಚ್ಚೋದು ಇಲ್ಲೇ. ಪೇಶ್ವೆಯ ನೆಲಕ್ಕೆ ಕಾಲಿಡಲು ಪೇಶ್ವೆಯ ಒಪ್ಪಿಗೆ ಬೇಕಿತ್ತು. ಧೋಂಡಿಯನನ್ನು ಕೊಲ್ಲಲು ಈಟಿಯೂ ಬೇಡ, ಕಾಗದವೂ ಬೇಡ. ದರೋಡೆಕೋರ ಅಂದರಾಯಿತು. ಸಿಕ್ಕಲ್ಲೇ ಮೊದಲ ಮರಕ್ಕೆ ನೇತುಹಾಕಿ ಅಂತ ಮದ್ರಾಸಿನ ಆದೇಶ. ಅವನು ಊರು ಲೂಟಿ ಮಾಡಿದ್ದು ನಿಜ. ಮೇ 4ರ ರಾತ್ರಿ ಶ್ರೀರಂಗಪಟ್ಟಣವನ್ನು ಲೂಟಿ ಮಾಡಿದವರು ಯಾರು ಹಾಗಾದ್ರೆ? ಈಗಿನ ಶಾಲಾ ಪಠ್ಯ ಅವನನ್ನು ಬ್ರಿಟಿಷರ ವಿರುದ್ಧ ಹೋರಾಡಿದವರ ಸಾಲಿಗೆ ಸೇರಿಸಿದೆ. ನನಗೆ ಅಷ್ಟೂ ಬೇಕಿಲ್ಲ. ಶತ್ರು ಅಂತ ಕರೆದಿದ್ದರೆ ಸಾಕಿತ್ತು.

1800ರ ಸೆಪ್ಟೆಂಬರ್ 10ರಂದು ಕೋಣಗಲ್ ಬಳಿ, ವೆಲ್ಲೆಸ್ಲಿಯೇ ನಾಲ್ಕು ರೆಜಿಮೆಂಟ್ ಅಶ್ವದಳದ ಮುಂದೆ ನಿಂತು ನುಗ್ಗಿದ. ಧೋಂಡಿಯ ಸತ್ತ. ದಂಡಿನ ಸಾಮಾನಿನ ನಡುವೆ ಅವನ ನಾಲ್ಕು ವರ್ಷದ ಮಗ ಸಲಾಬತ್ ಖಾನ್ ಸಿಕ್ಕ. ವೆಲ್ಲೆಸ್ಲಿ ಅವನನ್ನು ತನ್ನ ಗುಡಾರಕ್ಕೆ ಕರೆಸಿಕೊಂಡ. ಮುಂದೆ ಹಿಂದೂಸ್ತಾನ ಬಿಡುವಾಗ ಹುಡುಗನ ಪಾಲನೆಗೆ ದುಡ್ಡನ್ನೂ ಇಟ್ಟು ಹೋದ.