ಮುಳ್ಳಿನ ಸಾಕ್ಷಿ

ಆಕ್ಸ್‌ಫರ್ಡ್ ಬಿಟ್ಟು ಪಶ್ಚಿಮಕ್ಕೆ ಹೊರಟ ಎ40 ರಸ್ತೆಯಲ್ಲಿ, ವಿಟ್ನಿ ಊರನ್ನು ಬಳಸಿ ಮುಂದೆ ಹೋದ ಸ್ವಲ್ಪ ಹೊತ್ತಿಗೆ, ಗೆಳೆಯನ ಎಂಜಿಬಿ ಕಾರು ಸತ್ತಿತು. ಸತ್ತಿತು ಅನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಬದುಕಿತು. ಅರ್ಧ ಸೆಕೆಂಡ್ ಇದ್ದೀತು. ಓಡುವ ಹುಡುಗನ ಅಂಗಿಯನ್ನು ಹಿಂದಿನಿಂದ ಯಾರೋ ಜಗ್ಗಿ ಬಿಟ್ಟ ಹಾಗೆ. ಗೆಳೆಯ ನನ್ನ ಕಡೆ ತಿರುಗಿದ. ಮುಖದಲ್ಲಿ ಬೇಸರ ಇರಬೇಕಿತ್ತು, ಇದ್ದದ್ದು ಕೇಸು ಗೆದ್ದವನ ಕಳೆ. "ನೋಡಿದೆಲ್ಲ? ಎರಡು ತಿಂಗಳಿಂದ ಹೇಳಾಕತ್ತೇನಿ, ಒಬ್ಬರೂ ನಂಬವೊಲ್ರು."

ಧಾರವಾಡದವನು, ಇಪ್ಪತ್ತು ವರ್ಷದಿಂದ ಆ ಕಡೆ ನೌಕರಿ. ಕಾರು 1970ರದ್ದು, ಕಡು ಹಸಿರು, ಮಡಿಸುವ ಟಾಪು, ಕ್ರೋಮ್ ಬಂಪರು. ಇದು ಹುಟ್ಟಿದ ಆಬಿಂಗ್ಡನ್ ಊರು ಅವನ ಮನೆಯಿಂದ ಅರ್ಧ ಗಂಟೆಯ ದಾರಿ. 1962ರಿಂದ 1980ರವರೆಗೆ ಅಲ್ಲಿಂದ ಐದು ಲಕ್ಷಕ್ಕೂ ಹೆಚ್ಚು ಎಂಜಿಬಿಗಳು ಹೊರಬಂದವು. ಸ್ಪೋರ್ಟ್ಸ್ ಕಾರು ಅಂದ ತಕ್ಷಣ ನಾವು ಊಹಿಸುವ ಅಬ್ಬರವೇನೂ ಇದರ ಹೊಟ್ಟೆಯಲ್ಲಿಲ್ಲ. ಬಿ-ಸೀರೀಸ್ ಎನ್ನುವ ಸಾಧು ಸಂಸಾರಿ ಎಂಜಿನ್ನನ್ನೇ 1798 ಸಿಸಿಗೆ ಹಿಗ್ಗಿಸಿ, ಎರಡು ಎಸ್‌ಯು ಕಾರ್ಬ್ಯುರೇಟರ್ ತೊಡಿಸಿದ್ದಾರೆ. ಅದೇ ಮನೆತನದ 1489 ಸಿಸಿ ತಮ್ಮ ನಮ್ಮ ಅಂಬಾಸಡರ್‌ನಲ್ಲಿ ದಶಕಗಟ್ಟಲೆ ದುಡಿದ. ಹಾಗಾಗಿ ಬಾನೆಟ್ ಎತ್ತಿದಾಗ ನನಗೆ ಪರದೇಶಿ ಅನಿಸಲಿಲ್ಲ. ಅಂಬಾಸಡರ್ ಟ್ಯಾಕ್ಸಿ ಇಟ್ಟಿದ್ದ ಸೋದರಮಾವನ ಅಂಗಳದ ವಾಸನೆಯೇ ಬಂತು.

ಎಂಜಿನ್ ಪೂರ್ತಿ ಕೆಟ್ಟು ನಿಂತರೆ ಪತ್ತೆ ಸುಲಭ. ಹೆಣ ಅಲ್ಲೇ ಬಿದ್ದಿರುತ್ತದೆ, ಕೊಯ್ದು ನೋಡಬಹುದು. ಆಗಾಗ ನಿಂತು ತಾನೇ ಹೊರಡುವುದಿದೆಯಲ್ಲ, ಅದು ಪಂಚಾಯ್ತಿಗೆ ಬಾರದ ಕಳ್ಳ. ಗ್ಯಾರೇಜಿನಲ್ಲಿ ಗಂಟೆಗಟ್ಟಲೆ ಚಾಲೂ ಇಟ್ಟರೂ ಈ ಕಾರು ಕೆಮ್ಮಲಿಲ್ಲವಂತೆ. ಗೆಳೆಯ ತಾಳ್ಮೆಗೆಟ್ಟು ಬಿಡಿಭಾಗ ತರಿಸತೊಡಗಿದ. ಮೊದಲು ಕಾಯಿಲ್. ಆಮೇಲೆ ಕಂಡೆನ್ಸರ್, ಪ್ಲಗ್ಗು. ಆಮೇಲೆ ಹಿಂದಿನ ಆಕ್ಸಲ್ ಹತ್ತಿರ ಕೂತು ಟಕ್ ಟಕ್ ಅನ್ನುವ ಎಸ್‌ಯು ಪೆಟ್ರೋಲ್ ಪಂಪು. ಒಂದೊಂದು ಬದಲಿಸಿದಾಗಲೂ ನಾಲ್ಕು ದಿನ ಆರಾಮು, ಐದನೇ ದಿನ ಅದೇ ಹಾಡು. ಈ ಪದ್ಧತಿಯ ಮೇಲೆ ನನಗೆ ಸಿಟ್ಟಿದೆ. ದುಡ್ಡು ಹಾಳಾಗುವುದು ಹಾಗಿರಲಿ. ಇವತ್ತು ಡಬ್ಬಿಯಲ್ಲಿ ಹೊಳೆಯುತ್ತ ಬರುವ ಎಷ್ಟೋ ಹೊಸ ಕಂಡೆನ್ಸರ್, ರೋಟರ್‌ಗಳಿಗಿಂತ ಐವತ್ತು ವರ್ಷ ಬಾಳಿದ ಹಳೆಯದೇ ಗಟ್ಟಿ. ಒಂದು ರೋಗ ಹುಡುಕಲು ಹೋಗಿ ಎರಡನೆಯದನ್ನು ದುಡ್ಡು ಕೊಟ್ಟು ತಂದುಕೊಂಡವರನ್ನು ಕಂಡಿದ್ದೇನೆ. ಅದೃಷ್ಟಕ್ಕೆ ಗೆಳೆಯ ತೆಗೆದ ಹಳೇ ಭಾಗಗಳನ್ನೆಲ್ಲ ಬಿಸ್ಕತ್ತಿನ ಡಬ್ಬಿಯಲ್ಲಿ ಜೋಪಾನ ಮಾಡಿದ್ದ.

ಇಂಗ್ಲಿಷರ ಹಳೇ ಕಾರಿನ ಕರೆಂಟು ಅಂದರೆ ಸಾಕು, ಬರ್ಮಿಂಗ್‌ಹ್ಯಾಮಿನ ಜೋಸೆಫ್ ಲ್ಯೂಕಸ್ ಹೆಸರು ಹಿಡಿದು ನಗುವುದು ವಾಡಿಕೆ. ಕತ್ತಲೆಯ ರಾಜಕುಮಾರ ಎಂದು ಅವರಿಗೆ ಬಿರುದು ಕೊಟ್ಟಿದ್ದಾರೆ. ನಾನು ಆ ನಗೆಯಲ್ಲಿ ಸೇರುವವನಲ್ಲ. ಮದರಾಸಿನ ಪಾಡಿಯಲ್ಲಿ ಲ್ಯೂಕಸ್-ಟಿವಿಎಸ್ ಮಾಡಿಕೊಟ್ಟ ಸಾಮಾನು ನಂಬಿ ನಮ್ಮವರು ಘಟ್ಟ ಹತ್ತಿ ಇಳಿದಿದ್ದಾರೆ. ಅರ್ಧ ಶತಮಾನ ಮಳೆ ತಿಂದ ವೈರಿನ ಗಂಟು ಸಡಿಲಾದರೆ ಅದಕ್ಕೆ ವಯಸ್ಸು ಅನ್ನಬೇಕು. ವಯಸ್ಸಿಗಿಂತ ದೊಡ್ಡ ಶತ್ರು ಇನ್ನೊಬ್ಬನಿದ್ದಾನೆ, ಅವನ ವಿಷಯ ಆಮೇಲೆ.

ರಸ್ತೆ ಪಕ್ಕ ನಿಲ್ಲಿಸಿ ಗೆಳೆಯನನ್ನು ವಿಚಾರಣೆ ಮಾಡಿದೆ. ಗಾಡಿ ಮುಟ್ಟುವ ಮೊದಲು ಓಡಿಸುವವನನ್ನು ಕೇಳು ಅಂತ ಮೈಸೂರಿನ ಒಬ್ಬ ಮುದಿ ಮೆಕ್ಯಾನಿಕ್ ನನಗೆ ಕಲಿಸಿದ್ದ. ಬಿಸಿಯಾದಾಗ ಬರುತ್ತದೋ, ತಣ್ಣಗಿದ್ದಾಗಲೋ? ಎರಡರಲ್ಲೂ. ಮಳೆಯಲ್ಲಿ? ಭೇದವಿಲ್ಲ. ಗುಂಡಿಗೆ ಬಿದ್ದಾಗ? ಇಲ್ಲ, ನುಣುಪಾದ ರಸ್ತೆಯಲ್ಲೇ ಜಾಸ್ತಿ. ಇದು ವಿಚಿತ್ರ. ಸಡಿಲ ವೈರು ಕುಲುಕಿದಾಗ ತಾನೇ ಕಳಚಬೇಕು? ಗುರುತು ಹಾಕಿಕೊಂಡೆ. ನಿಲ್ಲುವಾಗ ಹೇಗೆ ನಿಲ್ಲುತ್ತದೆ, ತೂಕಡಿಸಿಯೋ, ಕತ್ತರಿಸಿದ ಹಾಗೋ? ಕತ್ತರಿಸಿದ ಹಾಗೆ.

ಅರ್ಧ ಉತ್ತರ ಅಲ್ಲೇ ಸಿಕ್ಕಿತು. ಪೆಟ್ರೋಲ್ ತಪ್ಪಿದ ಎಂಜಿನ್ ಹಾಗೆ ಸಾಯುವುದಿಲ್ಲ. ಕಾರ್ಬ್ಯುರೇಟರ್ ಪಕ್ಕದ ಬಟ್ಟಲಲ್ಲಿ ಇನ್ನೂ ಒಂದಿಷ್ಟು ಪೆಟ್ರೋಲ್ ಇರುತ್ತದೆ. ಅದು ಮುಗಿಯುತ್ತ ಬಂದಂತೆ ಎಂಜಿನ್ ಎಳೆಯುವುದು ಬಿಟ್ಟು, ಮುಕ್ಕರಿಸಿ, ಬಿಕ್ಕಳಿಸಿ, ಆಮೇಲೆ ಕಣ್ಣು ಮುಚ್ಚುತ್ತದೆ. ಚಾರ್ಮಾಡಿ, ಶಿರಾಡಿ ಏರಿನಲ್ಲಿ ಅಂಬಾಸಡರ್ ನಿಲ್ಲಿಸಿ ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹೊದಿಸಿದ ಡ್ರೈವರುಗಳಿಗೆ ಆ ಬಿಕ್ಕಳಿಕೆಯ ಲಯ ಬಾಯಿಪಾಠ. ಟ್ಯಾಂಕಿನ ಮುಚ್ಚಳದ ಗಾಳಿಕಿಂಡಿ ಕಟ್ಟಿದರೂ ಇದೇ ಲಯ. ಮುಚ್ಚಳ ತಿರುಗಿಸಿದರೆ ಬುಸ್ ಅಂತ ಗಾಳಿ ಒಳಗೆ ನುಗ್ಗುತ್ತದೆ, ಆ ಸದ್ದೇ ರೋಗದ ಹೆಸರು. ಸ್ವಿಚ್ ಒತ್ತಿದಂತೆ ನಿಂತಿತು ಅಂದರೆ ಮಾತ್ರ ಕರೆಂಟಿನ ಮೇಲೆ ಅನುಮಾನ.

ಕರೆಂಟಿನಲ್ಲೂ ಎರಡು ಕೇರಿ. ಬ್ಯಾಟರಿಯಿಂದ ಕೀಲಿ, ಕಾಯಿಲ್, ಅಲ್ಲಿಂದ ನಮ್ಮ ಮೆಕ್ಯಾನಿಕ್‌ಗಳು ಡೆಲ್ಕೋ ಎನ್ನುವ ಡಿಸ್ಟ್ರಿಬ್ಯೂಟರ್ ಒಳಗಿನ ಪಾಯಿಂಟು: ಇದು 12 ವೋಲ್ಟಿನ ಬಡವರ ಕೇರಿ. ಕಾಯಿಲಿನ ನೆತ್ತಿಯಿಂದ ರೋಟರ್, ಕ್ಯಾಪು, ದಪ್ಪ ವೈರು, ಪ್ಲಗ್ಗು: ಇದು ಸಾವಿರಗಟ್ಟಲೆ ವೋಲ್ಟಿನ ಸಿರಿವಂತರ ಓಣಿ. ಕಳ್ಳ ಯಾವ ಕಡೆ ಅಡಗಿದ್ದಾನೆ? ಇದನ್ನು ಹೇಳಲು ಡ್ಯಾಶ್‌ಬೋರ್ಡಿನ ಮೇಲೆ ಒಬ್ಬ ಸಾಕ್ಷಿ ಸದಾ ಕೂತಿರುತ್ತಾನೆ. ಆರ್‌ಪಿಎಂ ಮೀಟರಿನ ಮುಳ್ಳು.

ಆ ಕಾಲದ ಎಂಜಿಬಿಯ ಸ್ಮಿತ್ಸ್ ಮೀಟರು ಎಂಜಿನ್ ತಿರುಗುವುದನ್ನು ನೇರವಾಗಿ ನೋಡುವುದೇ ಇಲ್ಲ. ಕಾಯಿಲಿಗೆ ಹೋಗುವ ಬಿಳಿ ವೈರು ಅದರ ಬೆನ್ನಿನಲ್ಲಿ ಒಂದು ಸುತ್ತು ಹಾಕಿಕೊಂಡು ಹೋಗುತ್ತದೆ. ಪಾಯಿಂಟು ತೆರೆದು ಮುಚ್ಚಿದಾಗ ಆ ವೈರಿನಲ್ಲಿ ಕರೆಂಟು ನಿಂತು ಹರಿಯುವುದನ್ನು ಅದು ಎಣಿಸುತ್ತದೆ. ನಿಮಿಷಕ್ಕೆ 3000 ಸುತ್ತಿನ ವೇಗದಲ್ಲಿ ನಾಲ್ಕು ಸಿಲಿಂಡರ್ ಎಂಜಿನ್ನಿನ ಪಾಯಿಂಟು ಸೆಕೆಂಡಿಗೆ 100 ಸಲ ತೆರೆಯುತ್ತದೆ, ಅದೂ 0.015 ಇಂಚಿನಷ್ಟು ಮಾತ್ರ. ಈಗ ಲೆಕ್ಕ ಹಾಕಿ. ಗಾಡಿ ಗೇರಿನಲ್ಲೇ ಇದೆ, ಕ್ಲಚ್ ಒತ್ತಿಲ್ಲ, ಕಿಡಿ ಮಾತ್ರ ನಿಂತಿದೆ. ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತಿರುತ್ತವೆ, ಪಾಯಿಂಟು ಬಡಿಯುತ್ತಲೇ ಇರುತ್ತದೆ. ರೋಟರ್ ಸೋರಿದ್ದರೆ ಮುಳ್ಳಿಗೆ ಗೊತ್ತೇ ಆಗದು, ಇದ್ದಲ್ಲೇ ಇರುತ್ತದೆ. ಬಡವರ ಕೇರಿಯಲ್ಲಿ ಎಲ್ಲೋ ತುಂಡಾಗಿದ್ದರೆ ಎಂಜಿನ್ ಇನ್ನೂ ತಿರುಗುತ್ತಿರುವಾಗಲೇ ಮುಳ್ಳು ದೊಪ್ಪನೆ ಸೊನ್ನೆಗೆ ಬೀಳುತ್ತದೆ.

ತೊಂದರೆ ಏನೆಂದರೆ ಅರ್ಧ ಸೆಕೆಂಡಿನಲ್ಲಿ ಮುಳ್ಳು ಏನು ಹೇಳಿತೆಂದು ಕಣ್ಣಿಗೆ ತಿಳಿಯದು. ಕಳ್ಳ ಯಾಕೆ ಅಷ್ಟು ಬೇಗ ಓಡಿಹೋಗುತ್ತಾನೆ? ಗೆಳೆಯನ ಕಾಲು ನೋಡಿದೆ. ಎಂಜಿನ್ ತಪ್ಪಿದ ಕೂಡಲೇ ಗಾಬರಿಯಿಂದ ಆಕ್ಸಿಲರೇಟರ್‌ನಿಂದ ಕಾಲೆತ್ತುತ್ತಿದ್ದ. ಯಾರಾದರೂ ಎತ್ತುತ್ತಾರೆ. "ಈ ಸಲ ಹಿಂದೆ ಮುಂದೆ ಗಾಡಿ ಇಲ್ಲದಾಗ, ನಿಂತರೂ ಕಾಲು ಇದ್ದಲ್ಲೇ ಇಡು" ಅಂದೆ. ಕಾಯಿಲಿಗೆ ಕರೆಂಟು ಬರುವ ಕಡೆಯಿಂದ ಒಂದು ವೈರು ಎಳೆದು ಡ್ಯಾಶ್‌ಬೋರ್ಡ್ ಕೆಳಗೆ ಪುಟ್ಟ ಬಲ್ಬ್ ತೂಗುಹಾಕಿದೆ. ಹೊರಟೆವು.

ಬರ್ಫರ್ಡ್ ಇನ್ನೂ ಮೂರು ಮೈಲಿ ಇದೆ ಎನ್ನುವಾಗ, ಗಂಟೆಗೆ 50 ಮೈಲಿಯ ನೆಮ್ಮದಿಯ ಓಟದಲ್ಲಿ, ಮತ್ತೆ ತಪ್ಪಿತು. ಗೆಳೆಯ ಹಲ್ಲು ಕಚ್ಚಿ ಕಾಲು ಅಲ್ಲೇ ಇಟ್ಟ. ಒಂದು, ಎರಡು, ಮೂರು, ನಾಲ್ಕು ಸೆಕೆಂಡ್ ಎಂಜಿನ್ ಮೂಕ. ಮುಳ್ಳು ಸೊನ್ನೆಯಲ್ಲಿ ಮಲಗಿತ್ತು. ಬಲ್ಬ್ ಮಾತ್ರ ಉರಿಯುತ್ತಲೇ ಇತ್ತು. ಕಾಲೆತ್ತಿದ, ಮುಳ್ಳು ಜಿಗಿದು ನಿಂತಿತು, ಸೈಲೆನ್ಸರ್‌ನಲ್ಲಿ ಢಂ ಎಂದ ಸದ್ದಿಗೆ ಬೇಲಿಯಾಚೆಯ ಕುರಿಗಳೆಲ್ಲ ತಲೆ ಎತ್ತಿದವು. ಆ ಢಂ ಕೂಡ ಸಾಕ್ಷಿಯೇ. ಕಿಡಿ ಇಲ್ಲದ ಅಷ್ಟೂ ಹೊತ್ತು ಸುಡದ ಪೆಟ್ರೋಲ್ ಹರಿದು ಬಿಸಿ ಸೈಲೆನ್ಸರ್ ಸೇರಿತ್ತು, ಕಿಡಿ ಮರಳಿದಾಗ ಅಲ್ಲೇ ಹೊತ್ತಿಕೊಂಡಿತು. ಪೆಟ್ರೋಲ್ ಪಂಪು ನಿರಪರಾಧಿ. ಬಲ್ಬ್ ಆರದ ಕಾರಣ ಕೀಲಿ ಸ್ವಿಚ್ಚು, ಬಿಳಿ ವೈರು, ಅದರ ಜೋಡಣೆಗಳೂ ಬಿಡುಗಡೆ. ಉಳಿದದ್ದು ಕಾಯಿಲಿನಿಂದ ಪಾಯಿಂಟಿನವರೆಗಿನ ಗೇಣುದ್ದದ ದಾರಿ, ಅದರಲ್ಲೂ ಕಾಯಿಲ್ ಹೊಸದು.

ಬರ್ಫರ್ಡಿನ ಹೈ ಸ್ಟ್ರೀಟ್ ಮೇಲಿನ ರಸ್ತೆಯಿಂದ ಕಡಿದಾಗಿ ಇಳಿದು ವಿಂಡ್‌ರಶ್ ಎಂಬ ಸಣ್ಣ ಹೊಳೆಯ ತನಕ ಹೋಗುತ್ತದೆ. ಎರಡೂ ಕಡೆ ಜೇನುಬಣ್ಣದ ಕಲ್ಲಿನ ಮನೆಗಳು. ಕೆಳಗೆ ಚಹಾ ಕುಡಿದು ಮತ್ತೆ ಏರು ಹತ್ತಿಸಿದೆವು, ಸೆಕೆಂಡ್ ಗೇರಿನಲ್ಲಿ, ಆಕ್ಸಿಲರೇಟರ್ ಪೂರ್ತಿ ಅದುಮಿ. ಎಂಜಿನ್ ಒಮ್ಮೆಯೂ ತಪ್ಪಲಿಲ್ಲ. ಇನ್ನೊಂದು ಸಲ ಇಳಿದು ಹತ್ತಿಸಿದೆವು. ಉಹೂಂ. ಹೆಚ್ಚು ಭಾರ ಹೊತ್ತಾಗ ಆರೋಗ್ಯ, ಹಗುರಾಗಿ ಓಡುವಾಗ ಕಾಯಿಲೆ, ಸುಮ್ಮನೆ ನಿಂತಾಗ ಮತ್ತೆ ಆರೋಗ್ಯ! ಇಂಥ ಸೋಮಾರಿ ರೋಗ ಯಾವುದು?

ಡಿಸ್ಟ್ರಿಬ್ಯೂಟರ್ ಪಕ್ಕದಲ್ಲಿ ತಟ್ಟೆಯಾಕಾರದ ಒಂದು ಡಬ್ಬಿ ಇರುತ್ತದೆ, ವ್ಯಾಕ್ಯೂಮ್ ಅಡ್ವಾನ್ಸ್. ಕಾರ್ಬ್ಯುರೇಟರ್‌ನಿಂದ ಸಣ್ಣ ಕೊಳವೆ ಅದಕ್ಕೆ ಬರುತ್ತದೆ. ಹಗುರಾದ ಓಟದಲ್ಲಿ ಆ ಕೊಳವೆಯಲ್ಲಿ ಹೀರುವಿಕೆ ಹುಟ್ಟಿ, ಒಳಗಿನ ಪಾಯಿಂಟ್ ಕೂತ ತಟ್ಟೆಯನ್ನು ಒಂದಿಷ್ಟು ತಿರುಗಿಸುತ್ತದೆ. ಕಿಡಿ ಸ್ವಲ್ಪ ಮುಂಚೆ ಹಾರುತ್ತದೆ, ಪೆಟ್ರೋಲ್ ಉಳಿಯುತ್ತದೆ. ಏರಿನಲ್ಲಿ ಪೂರ್ತಿ ಅದುಮಿದಾಗ ಹೀರುವಿಕೆ ಬಿದ್ದುಹೋಗುತ್ತದೆ. ಕಾಲೆತ್ತಿದರೂ, ಐಡ್ಲಿಂಗಿನಲ್ಲಿ ನಿಂತರೂ ಈ ಕಾರಿನಲ್ಲಿ ಹೀರುವಿಕೆ ಇಲ್ಲ. ಅಂದರೆ ತಟ್ಟೆ ತಿರುಗಿದಾಗ ಮಾತ್ರ ಕಳ್ಳ ಹೊರಬರುತ್ತಾನೆ. ಗ್ಯಾರೇಜಿನಲ್ಲಿ ತಟ್ಟೆ ತಿರುಗುವುದೇ ಇಲ್ಲವಲ್ಲ!

ಮೇಲಿನ ಬಯಲಲ್ಲಿ ನಿಲ್ಲಿಸಿ, ಎಂಜಿನ್ ಚಾಲೂ ಇಟ್ಟು, ಕೊಳವೆಯ ತುದಿಯನ್ನು ಕಾರ್ಬ್ಯುರೇಟರ್‌ನಿಂದ ಕಿತ್ತು ಗೆಳೆಯನ ಕೈಗೆ ಕೊಟ್ಟೆ. "ಎಳನೀರು ಹೀರಿದ ಹಾಗೆ ಹೀರು." ಅವನು ನನ್ನನ್ನು ಅನುಮಾನದಿಂದ ನೋಡಿ, ಕೊಳವೆ ಒರೆಸಿ, ಬಾಯಿಗಿಟ್ಟು ಹೀರಿದ. ಎಂಜಿನ್ ನಿಂತಿತು. ಮತ್ತೆ ಚಾಲೂ ಮಾಡಿದೆ, ಮತ್ತೆ ಹೀರಿದ, ಮತ್ತೆ ನಿಂತಿತು. ನಾಲ್ಕನೇ ಸಲಕ್ಕೆ ಅವನಿಗೆ ನಗು ತಡೆಯಲಾಗದೆ ಹೀರಲಾಗಲಿಲ್ಲ. ಎರಡು ತಿಂಗಳು ಯಾರ ಕೈಗೂ ಸಿಗದ ರೋಗ ಈಗ ಅವನ ಉಸಿರು ಕೇಳಿಕೊಂಡು ಕುಣಿಯುತ್ತಿತ್ತು.

ಡಿಸ್ಟ್ರಿಬ್ಯೂಟರ್ ಮುಚ್ಚಳದ ಎರಡು ಕ್ಲಿಪ್ಪು ಬಿಡಿಸಿದೆವು. ಹೊರಗಿನ ಟರ್ಮಿನಲ್‌ನಿಂದ ಪಾಯಿಂಟಿಗೆ ಬರುವ ಬೆರಳುದ್ದದ ವೈರು. ತಟ್ಟೆ ತಿರುಗಿದಂತೆಲ್ಲ ಬಾಗಿ ನೆಟ್ಟಗಾಗುವುದು ಅದರ ಹಣೆಬರಹ. ಅದಕ್ಕೇ ಅಲ್ಲಿ ಕೂದಲೆಳೆಯಂಥ ಎಷ್ಟೋ ತಂತಿಗಳನ್ನು ಹೊಸೆದ ಮೆತ್ತನೆ ವೈರೇ ಬೇಕು, ಕಾರ್ಖಾನೆಯವರು ಹಾಕುತ್ತಿದ್ದುದೂ ಅದನ್ನೇ. ಇಲ್ಲಿದ್ದದ್ದು ಬೇರೆ. ಹಿಂದಿನ ಯಾರೋ ಮಾಲೀಕ, ಯಾವುದೋ ಭಾನುವಾರ, ಕೈಗೆ ಸಿಕ್ಕ ಬಿರುಸಾದ ವೈರಿನ ತುಂಡೊಂದನ್ನು ಅಚ್ಚುಕಟ್ಟಾಗಿ ಬೆಸೆದಿದ್ದ. ನಾನು ಆಗಲೇ ಹೇಳಿದ ಆ ಇನ್ನೊಬ್ಬ ಶತ್ರು ಇವನೇ, ಚುರುಕು ಕೈಯ ಹಿಂದಿನ ಮಾಲೀಕ. ಹೊರಗಿನ ಪ್ಲಾಸ್ಟಿಕ್ ಅಂಗಿ ಸರಿಯಾಗೇ ಇತ್ತು, ಒಂದು ಗೀರೂ ಇಲ್ಲ. ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದರೆ ನಡುವೆ ರಬ್ಬರಿನಂತೆ ಹಿಗ್ಗಿತು. ಒಳಗಿನ ತಾಮ್ರ ಮುರಿದು, ಎರಡು ತುದಿಗಳು ಮುಖಕ್ಕೆ ಮುಖ ತಾಗಿಸಿಕೊಂಡು ನಿಂತಿದ್ದವು. ಕಣ್ಣಿಗೆ ಕಾಣುವ ರೋಗವಲ್ಲ ಅದು.

ಬದಲಿ ವೈರಿಗೆ ಕೆಲವೇ ಪೌಂಡು. ಅದು ಅಂಚೆಯಲ್ಲಿ ಬರುವ ತನಕ ಕೊಳವೆಯನ್ನು ಕಾರ್ಬ್ಯುರೇಟರ್‌ಗೆ ಜೋಡಿಸದೆ, ಎರಡೂ ಬಾಯಿ ಮುಚ್ಚಿಟ್ಟು ಮನೆಗೆ ಬಂದೆವು. ಪೆಟ್ರೋಲ್ ಸ್ವಲ್ಪ ಹೆಚ್ಚು ಕುಡಿಯಿತೇ ಹೊರತು ಎಂಜಿನ್ ಒಂದು ಕ್ಷಣವೂ ತಪ್ಪಲಿಲ್ಲ. ಹಳೇ ಕಾಯಿಲ್, ಹಳೇ ಕಂಡೆನ್ಸರ್, ಹಳೇ ಪಂಪು ಬಿಸ್ಕತ್ತಿನ ಡಬ್ಬಿಯಿಂದ ಮತ್ತೆ ತಮ್ಮ ತಮ್ಮ ಜಾಗ ಸೇರಿದವು. ಹೊಸದನ್ನು ಡಬ್ಬಿಗೆ ಹಾಕಿದ.

ಮೊನ್ನೆ ಫೋನಿನಲ್ಲಿ ಕೇಳಿದೆ. ವೈರು ಹಾಕಿದ ಮೇಲೆ ಸಾವಿರ ಮೈಲಿ ಓಡಿಸಿದ್ದಾನೆ, ಏನೂ ಇಲ್ಲ. ಬಲ್ಬ್ ತೆಗೆದೆಯಾ ಅಂದರೆ ಸ್ವಲ್ಪ ಹೊತ್ತು ಸುಮ್ಮನಿದ್ದ. "ಇರಲಿ ಬಿಡೋ, ಅದೇನು ಊಟಾ ಕೇಳತೈತೇನು?"