ಒಂದು ಶಾಲೆಯ ಚಿತ್ರ, ಹಲವು ಬಗೆಯ ಪ್ರೇಕ್ಷಕರು



ಕಾವ್ಯವನ್ನು ಕವಿಯೊಬ್ಬನೇ ಪೂರ್ಣಗೊಳಿಸಲಾರನೆಂದೂ, ಅದನ್ನು ಸವಿಯುವ ಸಹೃದಯನಲ್ಲಿ ಅದರ ಉಳಿದರ್ಧವು ನೆಲೆಸಿರುವುದೆಂದೂ ನಮ್ಮ ಆಲಂಕಾರಿಕರು ಬಲ್ಲರು. ಆದುದರಿಂದ ಒಂದು ಕೃತಿಯನ್ನು ವಿಮರ್ಶಿಸುವಾಗ ಅದನ್ನು ಕಂಡವರ ಮಾತುಗಳನ್ನೂ ಒರೆಗೆ ಹಚ್ಚಿ ನೋಡುವುದು ಉಚಿತವೇ ಸರಿ. ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು, ಕೊಡುಗೆ: ರಾಮಣ್ಣ ರೈ’ ಎಂಬ ಚಲನಚಿತ್ರದ ವಿಷಯವಾಗಿ ಯಶವಂತನಗರದ ಹಾಗೂ ಸುತ್ತಲಿನ ಗ್ರಾಮಗಳ ಭಕ್ತರಿಂದ ನಾವು ಕೇಳಿದ ಅಭಿಪ್ರಾಯಗಳು ಹಲವು. ಅವುಗಳಲ್ಲಿ ಕೆಲವು ಚಿತ್ರವನ್ನು ಕುರಿತವು. ಇನ್ನು ಕೆಲವು ಹೇಳಿದವರನ್ನೇ ಕುರಿತವು. ಮಠದ ಮಾಸಪತ್ರಿಕೆಯಲ್ಲಿ ಸಿನಿಮಾದ ಮಾತೇಕೆಂದು ಕೇಳುವವರಿಗೆ ನಮ್ಮ ಉತ್ತರವಿಷ್ಟೆ: ಮಾತು ಸಿನಿಮಾದ್ದಲ್ಲ, ಶಾಲೆಯದು. ಶಾಲೆಯ ಮಾತು ಮಠಕ್ಕೆ ಎಂದಿಗೂ ಹೊರಗಿನದಾಗಿರಲಿಲ್ಲ.

ಚಿತ್ರವು 2018ರ ಆಗಸ್ಟ್ 24ರಂದು ತೆರೆಕಂಡಿತು. ನಿರ್ದೇಶಕರು ರಿಷಬ್ ಶೆಟ್ಟಿ, ಸಂಗೀತ ವಾಸುಕಿ ವೈಭವ್ ಅವರದು. 2019ರಲ್ಲಿ ಘೋಷಿತವಾದ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಮಕ್ಕಳ ಚಿತ್ರವೆಂಬ ಮನ್ನಣೆಯೂ ಇದಕ್ಕೆ ದೊರೆಯಿತು. ಕೇರಳಕ್ಕೆ ಸೇರಿದ ಕಾಸರಗೋಡಿನ ಕನ್ನಡ ಶಾಲೆಯೊಂದಕ್ಕೆ ಕನ್ನಡವರಿಯದ ಅಧ್ಯಾಪಕನು ನೇಮಕವಾಗುತ್ತಾನೆ, ಪ್ರತಿಭಟನೆ ನಡೆಯುತ್ತದೆ, ಕಡೆಗೆ ಶಾಲೆಯ ಬಾಗಿಲಿಗೇ ಬೀಗ ಬೀಳುತ್ತದೆ. ಮಕ್ಕಳು ಭುಜಂಗನೆಂಬ ಊರಿನವನೊಡನೆ ಮೈಸೂರಿಗೆ ಹೋಗಿ ಅನಂತಪದ್ಮನಾಭ ಎಂಬ ಹಿರಿಯರನ್ನು ಕರೆತರುತ್ತಾರೆ. ಈ ಪಾತ್ರವನ್ನು ಅನಂತನಾಗ್ ವಹಿಸಿದ್ದಾರೆ. ನ್ಯಾಯಾಲಯದಲ್ಲಿ ವಾದ ನಡೆದು ಶಾಲೆ ಉಳಿಯುತ್ತದೆ. ಈ ಕಥೆಯ ನಡುನಡುವೆ ಓದಿನಲ್ಲಿ ಹಿಂದುಳಿದ ಪ್ರವೀಣನೆಂಬ ಬಾಲಕನು ಸಹಪಾಠಿ ಪಲ್ಲವಿಯನ್ನು ಮೆಚ್ಚುವ ಎಳೆಯೊಂದು ಹರಿದುಹೋಗುತ್ತದೆ.

ಮೊದಲನೆಯ ಅಭಿಪ್ರಾಯ: ‘ಬುದ್ಧಿ, ನಕ್ಕು ನಕ್ಕು ಸಾಕಾಯಿತು; ಅದರಾಚೆ ಅದರಲ್ಲೇನೂ ಇಲ್ಲ’ ಎಂಬುದು. ನಗೆಯನ್ನು ಹಗುರವೆಂದು ಎಣಿಸುವ ಅಭ್ಯಾಸ ನಮ್ಮಲ್ಲಿ ಬಹಳ ಕಾಲದಿಂದ ಬೇರೂರಿದೆ. ಭರತನಾದರೋ ಹಾಸ್ಯವನ್ನು ರಸಗಳ ಪಂಕ್ತಿಯಲ್ಲಿಯೇ ಕೂರಿಸಿದ್ದಾನೆ. ವಿಕೃತಿಯೇ ಹಾಸ್ಯದ ಮೂಲ. ಇರಬೇಕಾದ ಸ್ಥಳದಲ್ಲಿ ಇರಬಾರದ್ದು ಬಂದು ನಿಂತಾಗ ನಗೆ ಹುಟ್ಟುತ್ತದೆ. ಮಕ್ಕಳ ನುಡಿಯನ್ನರಿಯದವನು ಮಕ್ಕಳ ಮುಂದೆ ಪಾಠಕ್ಕೆ ನಿಲ್ಲುವುದಕ್ಕಿಂತ ದೊಡ್ಡ ವಿಕೃತಿ ಯಾವುದು? ಪ್ರೇಕ್ಷಕನು ಅಲ್ಲಿ ನಗುತ್ತಾನೆ. ಆದರೆ ಆ ಹಲಗೆಯ ಮುಂದೆ ಕುಳಿತ ಮಗುವಿಗೆ ಒಂದು ವರ್ಷವೇ ನಷ್ಟವಾಗುತ್ತದೆ. ನಗೆಯೊಳಗೆ ಈ ನಷ್ಟವನ್ನು ಅಡಗಿಸಿಟ್ಟಿರುವುದೇ ಚಿತ್ರದ ಮೇಲ್ಮೆ. ಅದನ್ನು ಕಾಣದೆ ಎದ್ದುಬಂದವರು ಅರ್ಧ ಚಿತ್ರವನ್ನು ಮಾತ್ರ ನೋಡಿದರೆಂದು ಹೇಳಬೇಕಾಗುತ್ತದೆ.

ಎರಡನೆಯದು ನಮ್ಮ ಹಿರಿಯ ಭಕ್ತರದು. ಏಳನೆಯ ತರಗತಿಯ ಹುಡುಗನಿಗೆ ಹುಡುಗಿಯ ಮೇಲೆ ಮೋಹ ಬರುವುದನ್ನು ಮಕ್ಕಳ ಚಿತ್ರದಲ್ಲಿ ತೋರಿಸಬಹುದೇ ಎಂಬುದು ಅವರ ಆಕ್ಷೇಪ. ಇದನ್ನು ತಳ್ಳಿಹಾಕತಕ್ಕದ್ದಲ್ಲ. ಆದರೆ ಬಾಲ್ಯದಿಂದ ಪ್ರಾಯಕ್ಕೆ ಕಾಲಿಡುವ ಹೊತ್ತಿನ ತಳಮಳವು ಎಲ್ಲ ದೇಶಗಳ ಶಾಲೆಗಳಲ್ಲಿಯೂ ಇರುವಂಥದು. ಬ್ರಿಟನ್ನಿನಲ್ಲಿ 1981ರಲ್ಲಿ ಬಿಲ್ ಫಾರ್ಸಿತ್ ಎಂಬವರು ‘ಗ್ರೆಗರೀಸ್ ಗರ್ಲ್’ ಎಂಬ ಚಿತ್ರವನ್ನು ನಿರ್ದೇಶಿಸಿದರು. ಸ್ಕಾಟ್ಲೆಂಡಿನ ಶಾಲೆಯೊಂದರ ಕಾಲ್ಚೆಂಡಿನ ತಂಡದಲ್ಲಿ ಗ್ರೆಗರಿಯ ಸ್ಥಾನವನ್ನು ಡೊರೊಥಿ ಎಂಬ ಹುಡುಗಿ ತನ್ನ ಆಟದ ಬಲದಿಂದ ಪಡೆಯುತ್ತಾಳೆ. ಸ್ಥಾನ ಕಳೆದುಕೊಂಡವನು ಸಿಟ್ಟಾಗುವ ಬದಲು ಆಕೆಯನ್ನೇ ಮೆಚ್ಚಿಬಿಡುತ್ತಾನೆ. ಅಲ್ಲಿಯೂ ನಗೆಯಿದೆ, ಅಲ್ಲಿಯೂ ಅಸಭ್ಯತೆಯಿಲ್ಲ. ಪ್ರವೀಣನ ಮೆಚ್ಚುಗೆಯೂ ಅದೇ ಜಾತಿಯದು. ನಿರ್ದೇಶಕರು ಔಚಿತ್ಯದ ಗೆರೆಯನ್ನು ದಾಟಿದ್ದಾರೆಂದು ನಮಗೆ ತೋರದು.

ಈ ಎರಡು ಚಿತ್ರಗಳ ಅಂತರವೇ ಹೆಚ್ಚು ವಿಚಾರಾರ್ಹವಾದುದು. ಗ್ರೆಗರಿಯ ಶಾಲೆ ನಾಳೆಯೂ ಇರುವುದೋ ಇಲ್ಲವೋ ಎಂಬ ಸಂದೇಹ ಅಲ್ಲಿ ಯಾರಿಗೂ ಇಲ್ಲ. ಶಾಲೆ ನೆಲದಂತೆ ಸ್ಥಿರವಾಗಿದೆ. ಹುಡುಗನು ಅದರ ಮೇಲೆ ನಿಂತು ಬೆಳೆಯಬಹುದು. ಪ್ರವೀಣನಿಗೆ ಆ ಭಾಗ್ಯವಿಲ್ಲ. ಅವನು ಬೆಳೆಯಬೇಕಾದರೆ ಮೊದಲು ಶಾಲೆ ಉಳಿಯಬೇಕು. ಇನ್ನೊಂದು ಸಂಗತಿಯನ್ನೂ ಗಮನಿಸಿರಿ. ಸ್ಕಾಟ್ಲೆಂಡಿನ ಮಕ್ಕಳ ಉಚ್ಚಾರಣೆ ಅಮೆರಿಕದ ಪ್ರೇಕ್ಷಕರಿಗೆ ಅರಿವಾಗದೆಂದು ಅಲ್ಲಿಯ ಪ್ರದರ್ಶನಕ್ಕಾಗಿ ಮಾತನ್ನು ಸೌಮ್ಯಗೊಳಿಸಿ ಮರುಮುದ್ರಿಸಿದರು. ಇಂಗ್ಲಿಷಿನೊಳಗೂ ಒಂದು ಇಂಗ್ಲಿಷಿಗೆ ನಾಚಿಕೆಪಡಬೇಕಾಯಿತು! ಕಾಸರಗೋಡಿನ ಕನ್ನಡವಾದರೋ ಯಾವ ತಿದ್ದುಪಡಿಯೂ ಇಲ್ಲದೆ ನಮ್ಮ ಸಂಡೂರು ಸೀಮೆಯ ಮನೆಗಳಲ್ಲಿ ಕೇಳಿಬಂದಿತು. ಮೊದಲ ಕಾಲು ಗಂಟೆ ತಿಳಿಯಲಿಲ್ಲ, ಆಮೇಲೆ ನಮ್ಮದೇ ಎನಿಸಿತು ಎಂದು ತಾಯಿಯೊಬ್ಬರು ಹೇಳಿದರು. ಈ ಮಾತು ಚಿತ್ರಕ್ಕೆ ಸಂದ ಒಂದು ದೊಡ್ಡ ಪ್ರಶಸ್ತಿಯೆಂದು ನಮ್ಮ ಭಾವನೆ.

ಮೂರನೆಯ ಅಭಿಪ್ರಾಯ ವಿದ್ಯಾವಂತ ತರುಣರದು. ಕಡೆಯ ನ್ಯಾಯಾಲಯದ ದೃಶ್ಯ ದೀರ್ಘವಾಯಿತು, ಕಥೆ ಭಾಷಣವಾಯಿತು ಎಂಬ ಅವರ ಆಕ್ಷೇಪಕ್ಕೆ ನಮ್ಮ ಸಮ್ಮತಿಯಿದೆ. ಅನಂತನಾಗ್ ಅವರ ಅಭಿನಯದ ಸೊಗಸು ಆ ದೋಷವನ್ನು ಮರೆಸುತ್ತದೆಯೇ ಹೊರತು ಅಳಿಸುವುದಿಲ್ಲ. ಅಲ್ಲಿಯವರೆಗೆ ಮಕ್ಕಳೇ ನಡೆಸಿದ ಕಥೆಯು ಹಿರಿಯರೊಬ್ಬರ ಕೈಗೆ ಹೋಗಿ, ಮಕ್ಕಳು ಕೇಳುಗರಾಗಿ ಕುಳಿತುಬಿಡುತ್ತಾರೆ. ಇನ್ನೊಂದು ದೋಷ ಇದಕ್ಕಿಂತ ಗುರುತರವಾದುದು. ಮಲಯಾಳಿ ಅಧಿಕಾರಿಯನ್ನು ಒಂದೇ ಬಣ್ಣದಿಂದ ಬಳಿದಿರುವುದು ನ್ಯಾಯವಲ್ಲ. ಅರಿಯದ ನುಡಿಯ ಶಾಲೆಗೆ ಬಂದು ಬಿದ್ದ ಅಧ್ಯಾಪಕನೂ ಆ ಆಜ್ಞೆಗೆ ಸಿಕ್ಕವನೇ ಅಲ್ಲವೇ? ಅವನ ಸಂಕಟದ ಒಂದು ಗಳಿಗೆಯನ್ನಾದರೂ ತೋರಿಸಿದ್ದರೆ ಕನ್ನಡದ ಪಕ್ಷ ದುರ್ಬಲವಾಗುತ್ತಿರಲಿಲ್ಲ, ಬಲವಾಗುತ್ತಿತ್ತು.

ನಾಲ್ಕನೆಯದು, ‘ಅದು ಗಡಿಯಾಚೆಯವರ ಕಷ್ಟ, ನಮಗೇನು?’ ಎಂಬ ಮಾತು. ಬಳ್ಳಾರಿ ಸೀಮೆಯವರ ಬಾಯಲ್ಲಿ ಇದು ಬರಬಾರದಾಗಿತ್ತು. ನಾವು 1953ರ ಅಕ್ಟೋಬರ್ 1ರವರೆಗೆ ಮದರಾಸು ರಾಜ್ಯಕ್ಕೆ ಸೇರಿದ್ದವರು. ಅಂದು ಬಳ್ಳಾರಿ, ಹೊಸಪೇಟೆ, ಸಂಡೂರು ಮೊದಲಾದ ತಾಲ್ಲೂಕುಗಳು ಮೈಸೂರಿಗೆ ಬಂದವು. ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದವು. ಗೆರೆ ಒಂದಿಷ್ಟು ಇತ್ತ ಸರಿದಿದ್ದರೆ ಪ್ರವೀಣನ ಶಾಲೆ ನಮ್ಮೂರಿನದೇ ಆಗುತ್ತಿತ್ತು. ಮೂರು ವರ್ಷಗಳ ತರುವಾಯ, 1956ರಲ್ಲಿ, ಕಾಸರಗೋಡು ಕೇರಳದ ಪಾಲಾಯಿತು. 1967ರ ಮಹಾಜನ ಆಯೋಗದ ವರದಿಯು ಚಂದ್ರಗಿರಿ ನದಿಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರತಕ್ಕದ್ದೆಂದು ಹೇಳಿತಾದರೂ ಅದು ಕಾರ್ಯಗತವಾಗಲಿಲ್ಲ. ಆ ನೆಲವು ರಾಷ್ಟ್ರಕವಿ ಗೋವಿಂದ ಪೈಗಳನ್ನು ಕೊಟ್ಟ ನೆಲ. ಅಧ್ಯಾಪಕರೂ ಕವಿಗಳೂ ಆಗಿದ್ದ ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ಬಾಳಿ, ವಿಲೀನದ ಕನಸನ್ನು ಕೈಬಿಡದೆ 2015ರಲ್ಲಿ ಕಣ್ಮುಚ್ಚಿದ ನೆಲ.

ಐದನೆಯ ಅಭಿಪ್ರಾಯವನ್ನು ಹೇಳಿದವರು ನಮ್ಮ ಪಕ್ಕದ ತಾಂಡಾದ ಲಂಬಾಣಿ ತಾಯಿ. ‘ಬುದ್ಧಿ, ತಾಯಿನುಡಿ ತಾಯಿನುಡಿ ಎಂದು ಆ ಯಜಮಾನರು ಹೇಳುತ್ತಾರೆ. ನಮ್ಮ ಮಕ್ಕಳಿಗೆ ಕನ್ನಡವೇ ಶಾಲೆಯ ನುಡಿಯಲ್ಲವೇ?’ ಎಂದರು. ಇಷ್ಟು ಹರಿತವಾದ ವಿಮರ್ಶೆಯನ್ನು ಪಂಡಿತರಿಂದಲೂ ನಾವು ಕೇಳಲಿಲ್ಲ. ರಾಜ್ಯಾಂಗದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಅನುಕೂಲ ಕಲ್ಪಿಸಬೇಕೆಂದು ಹೇಳುತ್ತದೆ. ಆದರೆ ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಆಡುವ ಮಕ್ಕಳೂ ಕುಳಿತಿರುತ್ತಾರೆ. ಅವರಿಗೆ ಕನ್ನಡವು ಹೆತ್ತ ತಾಯಿಯಲ್ಲ, ಸಾಕಿದ ತಾಯಿ. ಚಿತ್ರವು ಈ ಸೂಕ್ಷ್ಮವನ್ನು ಮುಟ್ಟದೆ ಹೋಯಿತು. ಮುಟ್ಟಿದ್ದರೆ ಕನ್ನಡ ಶಾಲೆಯ ಹಿರಿಮೆ ಹುಟ್ಟಿನಲ್ಲಿ ಮಾತ್ರವಲ್ಲ, ಎಲ್ಲರನ್ನೂ ಒಳಗೊಳ್ಳುವುದರಲ್ಲಿಯೂ ಇದೆಯೆಂಬುದು ಸಿದ್ಧವಾಗುತ್ತಿತ್ತು. ನಾನಾ ಕಸುಬಿನ, ನಾನಾ ಸೀಮೆಯ ಶರಣರು ಕಲ್ಯಾಣದಲ್ಲಿ ಕೂಡಿದಾಗ ಕನ್ನಡವು ನಿರ್ವಹಿಸಿದ ಕಾರ್ಯವೂ ಇದೇ ಆಗಿತ್ತು.

ಕೊನೆಯದಾಗಿ, ಬಹುಸಂಖ್ಯಾತರ ಅಭಿಪ್ರಾಯ: ‘ಚಿತ್ರ ಬಹಳ ಚೆನ್ನಾಗಿದೆ, ಕಣ್ಣಲ್ಲಿ ನೀರು ಬಂತು.’ ಇದನ್ನು ಕೇಳಿ ನಮಗೆ ಸಂತೋಷವಾಯಿತು. ನಿಮ್ಮ ಮಗ ಯಾವ ಶಾಲೆಗೆ ಹೋಗುತ್ತಾನೆಂದು ಕೇಳಿದೆವು. ಇಂಗ್ಲಿಷ್ ಮಾಧ್ಯಮದ ಶಾಲೆಯ ಹಳದಿ ಬಸ್ಸು ಬೆಳಗ್ಗೆಯೇ ಬಂದು ಕರೆದೊಯ್ಯುತ್ತದೆಂಬ ಉತ್ತರ ಬಂದಿತು. ಅಭಿನವಗುಪ್ತನು ರಸಾಸ್ವಾದಕ್ಕೆ ಏಳು ವಿಘ್ನಗಳನ್ನು ಎಣಿಸುತ್ತಾನೆ; ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿ ಕೃತಿಯನ್ನೇ ಕಾಣದಿರುವುದು ಅವುಗಳಲ್ಲೊಂದು. ಇಲ್ಲಿ ಕಂಡದ್ದು ಅದಕ್ಕೆ ವಿರುದ್ಧವಾದ ವಿಘ್ನ. ಕೃತಿಯನ್ನು ಕಂಡು ಕರಗಿದವನು ಅದರಲ್ಲಿ ತನ್ನ ಮನೆಯನ್ನು ಮಾತ್ರ ಕಾಣಲಿಲ್ಲ!

ಯಾರನ್ನೂ ಹಳಿಯುವುದು ನಮ್ಮ ಉದ್ದೇಶವಲ್ಲ. ಗಣಿಯಲ್ಲಿ ದುಡಿಯುವ ತಂದೆ ತನ್ನ ಮಗ ಕಚೇರಿಯಲ್ಲಿ ಕೂರಲೆಂದು ಬಯಸುವುದು ತಪ್ಪಲ್ಲ. ಮಾತೃಭಾಷಾ ಮಾಧ್ಯಮವನ್ನು ಸರ್ಕಾರವು ಬಲವಂತವಾಗಿ ಹೇರುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ತೀರ್ಪಿತ್ತಿತು. ರಾಜ್ಯ ಸರ್ಕಾರವೇ 2019ರಲ್ಲಿ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮವನ್ನು ಆರಂಭಿಸಿತು. ನಮ್ಮ ಸಮಾಜದ ವಿದ್ಯಾಸಂಸ್ಥೆಗಳೂ ಇದೇ ದಾರಿಯನ್ನು ಹಿಡಿದಿವೆ. ಕಾಸರಗೋಡಿನ ಶಾಲೆಗೆ ಬೀಗ ಹಾಕಲು ಅನ್ಯಭಾಷೆಯ ಅಧಿಕಾರಿಯೊಬ್ಬ ಬರಬೇಕಾಯಿತು. ಅವನ ಮೇಲೆ ದಾವೆ ಹೂಡಬಹುದಾಗಿತ್ತು. ನಮ್ಮಲ್ಲಿ ಕನ್ನಡ ಶಾಲೆಗಳು ಮಕ್ಕಳಿಲ್ಲದೆ ತಾವಾಗಿಯೇ ಮುಚ್ಚಿದರೆ ಯಾವ ಅನಂತಪದ್ಮನಾಭರು ಬರಬೇಕು? ಯಾರ ಮೇಲೆ ದಾವೆ ಹೂಡಬೇಕು?

ಚಿತ್ರದ ಹೆಸರಿನಲ್ಲಿರುವ ‘ಕೊಡುಗೆ’ ಎಂಬ ಪದವನ್ನು ಕೇಳಿ ಹಲವರು ನಕ್ಕರು. ಬೆಂಚಿನ ಮೇಲೆ, ಫ್ಯಾನಿನ ರೆಕ್ಕೆಯ ಮೇಲೆ ದಾನಿಗಳ ಹೆಸರು ಬರೆಯಿಸುವ ರೂಢಿ ನಮ್ಮಲ್ಲಿಯೂ ಉಂಟಲ್ಲವೇ? ನಗೆ ಸಹಜ. ಆದರೂ ಹೆಸರಿನ ಹಂಬಲದಿಂದಾದರೂ ಕೊಟ್ಟ ರಾಮಣ್ಣ ರೈಗಿಂತ, ಶಾಲೆಯ ಋಣವುಂಡು ಏನನ್ನೂ ಕೊಡದವನು ಮೇಲಲ್ಲ. ದಾಸೋಹವೆಂಬುದು ಇದಕ್ಕಿಂತ ಒಂದು ಮೆಟ್ಟಿಲು ಮೇಲಿನದು: ಕೊಟ್ಟೆನೆಂಬ ಭಾವವಳಿದು ಕೊಡುವುದು. ಚಿತ್ರೀಕರಣ ನಡೆದ ಕೈರಂಗಳದ ಸರ್ಕಾರಿ ಶಾಲೆಯನ್ನು ನಿರ್ದೇಶಕರು ಬಳಿಕ ದತ್ತು ತೆಗೆದುಕೊಂಡರು. ಕಥೆ ಕಟ್ಟಿದವರು ಕಥೆಯಿಂದ ಇಳಿದು ಕೃತಿಗೆ ಬಂದರು; ನೋಡಿದ ನಾವು ಎಲ್ಲಿದ್ದೇವೆ?

ಪ್ರಸಾದನಿಲಯದ ಹಳೆಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಅನೇಕರು ಕನ್ನಡ ಶಾಲೆಯ ಹಲಗೆಯ ಮುಂದೆ ಕುಳಿತೇ ವೈದ್ಯರೂ, ಇಂಜಿನಿಯರುಗಳೂ, ಅಧಿಕಾರಿಗಳೂ ಆದವರು. ಮಕ್ಕಳನ್ನು ಯಾವ ಶಾಲೆಗೆ ಕಳಿಸಬೇಕೆಂಬುದು ನಿಮ್ಮ ವಿವೇಕಕ್ಕೆ ಬಿಟ್ಟದ್ದು. ಆದರೆ ವರ್ಷಕ್ಕೊಂದು ದಿನ ನೀವು ಓದಿದ ಊರ ಶಾಲೆಯ ಹೊಸಿಲನ್ನು ತುಳಿಯಿರಿ. ಅಲ್ಲಿ ಇಂಗ್ಲಿಷನ್ನು ಒಂದು ವಿಷಯವಾಗಿ ಚೆನ್ನಾಗಿ ಕಲಿಸುವವರಿಲ್ಲದಿದ್ದರೆ ಒಬ್ಬರನ್ನು ಒದಗಿಸಿರಿ. ಗ್ರಂಥಾಲಯವಿಲ್ಲದಿದ್ದರೆ ಹತ್ತು ಪುಸ್ತಕಗಳನ್ನು ಇಡಿರಿ. ಹೆಸರು ಬರೆಯಿಸುವುದೂ ಬಿಡುವುದೂ ನಿಮಗೆ ಸೇರಿದ್ದು. ಕನ್ನಡ ಶಾಲೆಯಲ್ಲಿಯೂ ಭವಿಷ್ಯವಿದೆಯೆಂದು ಬಡ ತಂದೆಯೊಬ್ಬನಿಗೆ ನಂಬಿಕೆ ಬರುವಂತೆ ಮಾಡುವುದು ನೂರು ಚಪ್ಪಾಳೆಗಿಂತ ದೊಡ್ಡ ವಿಮರ್ಶೆ. ಚಿತ್ರವನ್ನು ನೋಡದವರು ನೋಡಿರಿ. ನೋಡಿದವರು ಮಕ್ಕಳೊಡನೆ ಕುಳಿತು ಇನ್ನೊಮ್ಮೆ ನೋಡಿರಿ. ಈ ಸಲ ನಿಮ್ಮ ನಗೆಯ ಜೊತೆಗೆ ವಿಚಾರವೂ ಮೂಡಲೆಂದು ಹಾರೈಸುತ್ತೇವೆ.